ಕಾಡಿನ ನೆಲ

2019ನೆಯ ಇಸವಿಯಲ್ಲಿ ನೇತ್ರಾವತಿ ನದಿಯು ದಕ್ಷಿಣ ಕನ್ನಡ ಜಿಲ್ಲೆಯ ಜನರಿಗೆ ತನ್ನ ಎರಡು ಮುಖಗಳನ್ನೂ ತೋರಿಸಿತು. ಆ ವರ್ಷದ ಮೇ ತಿಂಗಳಿನಲ್ಲಿ ಹೊಳೆಯ ನೀರು ಬತ್ತಿತು. ಬೆಳ್ತಂಗಡಿ ತಾಲೂಕಿನ ಧರ್ಮಸ್ಥಳದಲ್ಲಿ ನೀರಿನ ಅಭಾವವು ಎಷ್ಟರಮಟ್ಟಿಗೆ ತಲೆದೋರಿತೆಂದರೆ, ಯಾತ್ರಿಕರು ತಮ್ಮ ಪ್ರಯಾಣವನ್ನು ಕೆಲವು ದಿನ ಮುಂದೂಡಬೇಕೆಂದು ಕ್ಷೇತ್ರದ ಧರ್ಮಾಧಿಕಾರಿಗಳೇ ವಿನಂತಿಸಿಕೊಳ್ಳಬೇಕಾಯಿತು. ಮೂರು ತಿಂಗಳು ಕಳೆಯುವಷ್ಟರಲ್ಲಿ, ಆಗಸ್ಟ್ ತಿಂಗಳಿನಲ್ಲಿ, ಅದೇ ನದಿಯು ದಡ ಮೀರಿ ಹರಿಯಿತು. ಚಾರ್ಮಾಡಿ ಘಾಟಿಯ ರಸ್ತೆಯು ಅನೇಕ ಕಡೆ ಕುಸಿದು ಸಂಚಾರ ನಿಂತಿತು. ಘಟ್ಟದ ಬುಡದ ಹಳ್ಳಿಗಳಲ್ಲಿ ಮಣ್ಣನ್ನೂ ಕಲ್ಲನ್ನೂ ಮರಗಳನ್ನೂ ಹೊತ್ತು ತಂದ ಪ್ರವಾಹವು ಮನೆಗಳನ್ನು ಕೆಡವಿತು, ತೋಟಗಳನ್ನು ಹೂತುಹಾಕಿತು. ಕೆಳಗೆ ಬಂಟ್ವಾಳದ ತಗ್ಗುಪ್ರದೇಶಗಳಿಗೆ ನೀರು ನುಗ್ಗಿತು.

ವರ್ಷಕ್ಕೆ ಸುಮಾರು 4,000 ಮಿಲ್ಲಿಮೀಟರ್ ಮಳೆ ಬೀಳುವ ನಾಡಿನಲ್ಲಿ ಬೇಸಗೆಯಲ್ಲಿ ಕುಡಿಯುವ ನೀರಿಗೆ ತತ್ವಾರವಾಗುವುದೇಕೆ? ಈ ಮಳೆಯ ಬಹುಭಾಗವು ಜೂನ್ ತಿಂಗಳಿನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳುಗಳಲ್ಲಿಯೇ ಸುರಿದುಬಿಡುತ್ತದೆ. ಉಳಿದ ಎಂಟು ತಿಂಗಳುಗಳ ಕಾಲ ಹೊಳೆ, ತೋಡು, ಬಾವಿಗಳಲ್ಲಿ ನೀರು ಉಳಿಯಬೇಕಾದರೆ, ಬಿದ್ದ ಮಳೆಯು ನೆಲದೊಳಕ್ಕೆ ಇಳಿದು ಅಲ್ಲಿ ಸಂಗ್ರಹವಾಗಿರಬೇಕು. ಆದುದರಿಂದ ಮಳೆಯ ಪ್ರಮಾಣವನ್ನು ತಿಳಿದರೆ ಮಾತ್ರ ಸಾಲದು. ಮಳೆಯನ್ನು ಸ್ವಾಗತಿಸುವ ನೆಲದ ಸ್ಥಿತಿಯನ್ನೂ ತಿಳಿಯಬೇಕು. ಈ ನೆಲವನ್ನು ಕಾಡು ಹೇಗೆ ರೂಪಿಸುತ್ತದೆಂಬುದು ಅರಣ್ಯ ಪರಿಸರ ವಿಜ್ಞಾನದ ಮುಖ್ಯ ವಿಷಯಗಳಲ್ಲಿ ಒಂದಾಗಿದೆ.

ಬೆಳ್ತಂಗಡಿ, ಮೂಡುಬಿದಿರೆ ಮತ್ತು ಬಂಟ್ವಾಳ ತಾಲೂಕುಗಳು ಪಶ್ಚಿಮ ಘಟ್ಟದ ಬುಡದಿಂದ ಕರಾವಳಿಯ ಕಡೆಗೆ ಇಳಿಜಾರಾಗಿ ಹಬ್ಬಿಕೊಂಡಿವೆ. ಬೆಳ್ತಂಗಡಿಯ ಮೂಡಣ ಗಡಿಯಲ್ಲಿ 1,800 ಮೀಟರಿಗೂ ಮಿಕ್ಕ ಎತ್ತರದ ಕುದುರೆಮುಖ ಶಿಖರವು ಗೋಡೆಯಂತೆ ಎದ್ದು ನಿಂತಿದೆ. ಘಟ್ಟದ ನೆತ್ತಿಯಲ್ಲಿ ಹುಲ್ಲುಗಾವಲುಗಳೂ, ಅವುಗಳ ನಡುವಿನ ಕಣಿವೆಗಳಲ್ಲಿ ಶೋಲಾ ಕಾಡುಗಳೂ ಇವೆ. ಇಳಿಜಾರಿನಲ್ಲಿ ಧೂಪ, ಬೋಗಿ, ಹೆಬ್ಬಲಸು ಮೊದಲಾದ ಎತ್ತರದ ಮರಗಳಿಂದ ಕೂಡಿದ ನಿತ್ಯಹರಿದ್ವರ್ಣ ಕಾಡುಗಳಿವೆ. ಕೆಳಗಿಳಿದಂತೆ ಮತ್ತಿ, ನಂದಿ ಮುಂತಾದ ಎಲೆ ಉದುರಿಸುವ ಮರಗಳು ಹೆಚ್ಚಾಗುತ್ತವೆ. ಇನ್ನೂ ಪಡುವಣಕ್ಕೆ ಮುರಕಲ್ಲಿನ ಗುಡ್ಡಗಳು, ಪದವುಗಳು, ಅವುಗಳ ನಡುವಣ ತಗ್ಗುಗಳಲ್ಲಿ ಗದ್ದೆಗಳು ಮತ್ತು ಅಡಿಕೆ ತೋಟಗಳು ಕಾಣುತ್ತವೆ. ಮೇಲಿನ ಕಾಡಿನಲ್ಲಿ ಹುಟ್ಟಿದ ನೇತ್ರಾವತಿಯು ಬಂಟ್ವಾಳದ ಮೂಲಕವೂ, ಫಲ್ಗುಣಿಯು ವೇಣೂರು, ಪೊಳಲಿಗಳ ಮೂಲಕವೂ ಸಮುದ್ರದತ್ತ ಸಾಗುತ್ತವೆ. ಹೀಗೆ ಮೇಲಿನ ಕಾಡಿಗೂ ಕೆಳಗಿನ ಊರಿಗೂ ನೀರಿನ ನಂಟು ಇದೆ.

ಕಾಡಿನ ಮೇಲೆ ಬೀಳುವ ಮಳೆಯ ಹನಿಯನ್ನು ಕಲ್ಪಿಸಿಕೊಳ್ಳೋಣ. ಅದು ನೇರವಾಗಿ ನೆಲವನ್ನು ಬಡಿಯುವುದಿಲ್ಲ. ಎತ್ತರದ ಮರದ ಎಲೆ, ಕೆಳಗಿನ ಮರದ ಕೊಂಬೆ, ಪೊದೆಗಳು ಹೀಗೆ ಹಲವು ಅಂತಸ್ತುಗಳನ್ನು ದಾಟಿ ಅದು ತರಗೆಲೆಯ ಹಾಸಿನ ಮೇಲೆ ಬೀಳುತ್ತದೆ. ತರಗೆಲೆಗಳ ಕೆಳಗೆ ಅರ್ಧ ಕೊಳೆತ ಎಲೆಗಳ ಪದರ, ಅದರ ಕೆಳಗೆ ಕಪ್ಪು ಮಣ್ಣು. ಎರೆಹುಳು, ಗೆದ್ದಲು, ಇರುವೆಗಳು ಕೊರೆದ ಬಿಲಗಳೂ, ಸತ್ತು ಕರಗಿದ ಬೇರುಗಳು ಬಿಟ್ಟುಹೋದ ಕೊಳವೆಗಳೂ ಈ ಮಣ್ಣನ್ನು ಸ್ಪಂಜಿನಂತೆ ಸಡಿಲವಾಗಿ ಇರಿಸಿರುತ್ತವೆ. ನೀರು ಈ ರಂಧ್ರಗಳ ಮೂಲಕ ಒಳಗಿಳಿಯುತ್ತದೆ. ತರಗೆಲೆಯನ್ನು ಗುಡಿಸಿ ತೆಗೆದ, ದನಗಳು ತುಳಿದು ಗಟ್ಟಿಯಾದ, ಬೆಂಕಿಗೆ ಸಿಕ್ಕಿದ ನೆಲದಲ್ಲಿಯಾದರೋ ರಂಧ್ರಗಳು ಮುಚ್ಚಿಹೋಗಿರುತ್ತವೆ. ಅಲ್ಲಿ ಬಿದ್ದ ಮಳೆಯು ಕೆಂಪು ನೀರಾಗಿ ಮೇಲ್ಮಣ್ಣನ್ನು ಕೊಚ್ಚಿಕೊಂಡು ಹರಿದುಬಿಡುತ್ತದೆ.

ಇದು ಬರಿಯ ಊಹೆಯಲ್ಲ. ಉತ್ತರ ಕನ್ನಡ ಜಿಲ್ಲೆಯಲ್ಲಿ, ಬೆಳಗಾವಿಯಲ್ಲಿರುವ ರಾಷ್ಟ್ರೀಯ ಜಲವಿಜ್ಞಾನ ಸಂಸ್ಥೆಯ ಪ್ರಾದೇಶಿಕ ಕೇಂದ್ರದ ವಿಜ್ಞಾನಿಗಳು ಇತರ ಸಂಶೋಧಕರೊಡನೆ ಸೇರಿ ಇದನ್ನು ಅಳೆದು ನೋಡಿದ್ದಾರೆ. ಸಹಜ ಕಾಡು, ಕ್ಷೀಣಿಸಿದ ಕಾಡು ಮತ್ತು ಅಕೇಶಿಯಾ ನೆಡುತೋಪು ಎಂಬ ಮೂರು ಬಗೆಯ ನೆಲಗಳಲ್ಲಿ ನೀರು ಎಷ್ಟು ವೇಗವಾಗಿ ಇಳಿಯುತ್ತದೆ, ಎಷ್ಟು ಹರಿದುಹೋಗುತ್ತದೆ ಎಂಬುದನ್ನು ಅವರು ಹೋಲಿಸಿದರು. 2010ರಿಂದೀಚೆಗೆ ಪ್ರಕಟವಾದ ಈ ಅಧ್ಯಯನಗಳ ಪ್ರಕಾರ, ಸಹಜ ಕಾಡಿನ ಮಣ್ಣು ನೀರನ್ನು ಚೆನ್ನಾಗಿ ಒಳಗೆ ಬಿಟ್ಟುಕೊಳ್ಳುತ್ತದೆ. ಕ್ಷೀಣಿಸಿದ ಕಾಡಿನಲ್ಲಿ ಮೇಲೆ ಹರಿದುಹೋಗುವ ನೀರು ಹೆಚ್ಚು. ಕೆಟ್ಟ ನೆಲದಲ್ಲಿ ಮರಗಳನ್ನು ನೆಟ್ಟು ಅನೇಕ ವರ್ಷಗಳು ಕಳೆದರೂ ಮಣ್ಣು ಸಹಜ ಕಾಡಿನ ಮಣ್ಣಿನಷ್ಟು ಸುಧಾರಿಸಿರುವುದಿಲ್ಲ. ಹಸಿರಾಗಿ ಕಾಣುವುದೆಲ್ಲವೂ ಕಾಡಲ್ಲವೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಹಾಗೆಂದು ಕಾಡಿದ್ದರೆ ನೆರೆಯೇ ಬಾರದೆಂದು ಹೇಳುವುದು ತಪ್ಪಾದೀತು. 1923ರಲ್ಲಿಯೂ 1974ರಲ್ಲಿಯೂ ನೇತ್ರಾವತಿಯ ದೊಡ್ಡ ನೆರೆಗಳು ಬಂಟ್ವಾಳ ಪೇಟೆಯನ್ನು ಮುಳುಗಿಸಿದ್ದವು. ದಿನಗಟ್ಟಲೆ ಬಿಡದೆ ಮಳೆ ಸುರಿದಾಗ ನೆಲವು ತುಂಬಿಹೋಗುತ್ತದೆ. ತುಂಬಿದ ಕೊಡವು ಮತ್ತಷ್ಟು ನೀರನ್ನು ಹಿಡಿಯಲಾರದು. ಮರಗಳೂ ತಾವು ಹೀರಿದ ನೀರಿನ ಬಹುಭಾಗವನ್ನು ಎಲೆಗಳ ಮೂಲಕ ಆವಿಯಾಗಿ ಹೊರಬಿಡುತ್ತವೆ. ಕಾಡಿನಿಂದ ಆಗುವ ಉಪಕಾರವೆಂದರೆ, ಸಾಧಾರಣ ಮಳೆಗಾಲದ ನೀರನ್ನು ಅದು ನೆಲದೊಳಗೆ ಕೂಡಿಟ್ಟು ಬೇಸಗೆಯಲ್ಲಿ ನಿಧಾನವಾಗಿ ಬಿಟ್ಟುಕೊಡುತ್ತದೆ. ಬೇರುಗಳಿಂದ ಮಣ್ಣನ್ನು ಹಿಡಿದಿಡುತ್ತದೆ. ಬಂಟ್ವಾಳ ತಾಲೂಕಿನ ವಿಟ್ಲ, ಮಾಣಿಲ ಮುಂತಾದ ಕಡೆಗಳಲ್ಲಿ ಕೃಷಿಕರು ಗುಡ್ಡದ ಮುರಕಲ್ಲನ್ನು ಅಡ್ಡಲಾಗಿ ಕೊರೆದು ಸುರಂಗಗಳನ್ನು ಮಾಡಿಕೊಂಡಿದ್ದಾರೆ. ಅವುಗಳಿಂದ ಬೇಸಗೆಯಲ್ಲಿ ಸಣ್ಣಗೆ ಒಸರುವ ನೀರು ಹಿಂದಿನ ಮಳೆಗಾಲದಲ್ಲಿ ಗುಡ್ಡವು ಕುಡಿದ ನೀರೇ ಆಗಿದೆ.

ಕಾಡಿನ ನೆಲವು ನೀರಿನ ಉಗ್ರಾಣವಷ್ಟೇ ಅಲ್ಲ; ಆಹಾರದ ಉಗ್ರಾಣವೂ ಹೌದು. ಭಾರಿ ಮಳೆಯು ನಮ್ಮ ಮಣ್ಣಿನಲ್ಲಿರುವ ಲವಣಗಳನ್ನು ತೊಳೆದುಹಾಕುತ್ತದೆ. ಇಂತಹ ಬಡ ಮಣ್ಣಿನ ಮೇಲೆ ಮುಗಿಲು ಮುಟ್ಟುವ ಮರಗಳು ಬೆಳೆದುದಾದರೂ ಹೇಗೆ? ಉದುರಿದ ಎಲೆಯಲ್ಲಿರುವ ಸಾರವು ವ್ಯರ್ಥವಾಗದೆ ಮತ್ತೆ ಬೇರಿಗೆ ಸೇರುವುದೇ ಇದರ ಗುಟ್ಟು. ಈ ಕಾರ್ಯದಲ್ಲಿ ಶಿಲೀಂಧ್ರಗಳ ಪಾತ್ರ ಹಿರಿದು. ಮೊದಲ ಮಳೆಗಳು ಬಿದ್ದಾಗ ಮೂಡುಬಿದಿರೆ, ಬೆಳ್ತಂಗಡಿಗಳ ಪೇಟೆಗಳಿಗೆ ಮಾರಾಟಕ್ಕೆ ಬರುವ ಕಲ್ಲಣಬೆಯನ್ನು ಅಲ್ಲಿನ ಜನರೆಲ್ಲ ಬಲ್ಲರು. ಮಣ್ಣು ಮೆತ್ತಿದ ಸಣ್ಣ ಗುಂಡುಕಲ್ಲಿನಂತಿರುವ ಈ ಅಣಬೆಯನ್ನು ಜನರು ಕಾಡಿನ ನೆಲವನ್ನು ಕೆದಕಿ ಆರಿಸಿ ತರುತ್ತಾರೆ. ಇದು ತೋಟದಲ್ಲಿ ಬೆಳೆಯುವುದಿಲ್ಲ. ಏಕೆಂದರೆ ಇದರ ಎಳೆಗಳು ಬೋಗಿಯಂತಹ ಕಾಡುಮರಗಳ ಬೇರಿನ ತುದಿಗಳನ್ನು ಸುತ್ತಿಕೊಂಡು ಬಾಳುತ್ತವೆ. ಮರವು ಅಣಬೆಗೆ ಸಕ್ಕರೆಯನ್ನು ಕೊಡುತ್ತದೆ. ಅಣಬೆಯ ಎಳೆಗಳು ಬೇರು ತಲುಪಲಾರದ ಎಡೆಗಳಿಂದ ನೀರನ್ನೂ ರಂಜಕವೇ ಮೊದಲಾದ ಪೋಷಕಗಳನ್ನೂ ಮರಕ್ಕೆ ತಂದುಕೊಡುತ್ತವೆ. ಮಂಗಳೂರು ವಿಶ್ವವಿದ್ಯಾನಿಲಯದ ಸಂಶೋಧಕರು ಕರಾವಳಿಯ ಇಂತಹ ಅಣಬೆಗಳನ್ನು ಕುರಿತು ಅಧ್ಯಯನ ನಡೆಸಿದ್ದಾರೆ. ಮರವನ್ನು ಕಡಿದರೆ ಅಣಬೆಯೂ ಅಳಿಯುತ್ತದೆ. ಅಣಬೆಯಿಲ್ಲದ ನೆಲದಲ್ಲಿ ಮತ್ತೆ ಆ ಮರದ ಸಸಿ ಬೇರೂರುವುದೂ ಕಷ್ಟ.

ಕಾಡಿನ ಮುಂದಿನ ಪೀಳಿಗೆಯ ಪ್ರಶ್ನೆಯೂ ಹೀಗೆಯೇ ಸೂಕ್ಷ್ಮವಾದುದು. ಭತ್ತದ ಬೀಜವನ್ನು ವರ್ಷಪೂರ್ತಿ ಪಣತದಲ್ಲಿ ಕಾಪಿಡಬಹುದು. ಆದರೆ ಧೂಪದ ಬೀಜವು ಮಳೆಗಾಲದ ಆರಂಭದಲ್ಲಿ ಉದುರಿ, ಕೆಲವೇ ದಿನಗಳಲ್ಲಿ ಮೊಳೆಯಬೇಕು, ಒಣಗಿದರೆ ಸತ್ತುಹೋಗುತ್ತದೆ. ಮೊಳೆತ ಸಸಿಗೆ ದೊಡ್ಡ ಮರಗಳ ನೆರಳು, ತೇವ ಬೇಕು. ಹೀಗಾಗಿ ಬಯಲಾದ ಗುಡ್ಡದಲ್ಲಿ ಇಂತಹ ಮರಗಳು ತಾವಾಗಿ ಮರಳಿ ಬರುವುದು ಅಪರೂಪ. ಬೈನೆಯ ಹಣ್ಣನ್ನು ತಿಂದ ಪುನುಗುಬೆಕ್ಕು, ರಾಮಪತ್ರೆಯ ಹಣ್ಣನ್ನು ನುಂಗಿದ ಮಂಗಟ್ಟೆ ಹಕ್ಕಿ ಬೀಜವನ್ನು ದೂರಕ್ಕೆ ಒಯ್ದು ಹಾಕುತ್ತವೆ. ಪ್ರಾಣಿಪಕ್ಷಿಗಳು ಇಲ್ಲವಾದ ಕಾಡಿನಲ್ಲಿ ಮುದಿಮರಗಳು ಇದ್ದರೂ ಎಳೆಯ ಸಸಿಗಳು ವಿರಳವಾಗುತ್ತವೆ.

ಹಾಗಾದರೆ ಕಾಡಿನ ಆರೋಗ್ಯವೆಂದರೇನು? ಒಣಗಿ ನಿಂತ ಮರವಾಗಲಿ, ಬಿದ್ದು ಕೊಳೆಯುವ ದಿಮ್ಮಿಯಾಗಲಿ ರೋಗದ ಗುರುತಲ್ಲ. ಮೂಡುಬಿದಿರೆಗೆ ಹೆಸರನ್ನು ಕೊಟ್ಟ ಬಿದಿರು ಹಲವು ದಶಕಗಳಿಗೊಮ್ಮೆ ಒಟ್ಟಾಗಿ ಹೂ ಬಿಟ್ಟು, ಬೀಜ ಉದುರಿಸಿ, ಹಿಂಡಿಗೆ ಹಿಂಡೇ ಸಾಯುತ್ತದೆ. ಅದು ಬಿದಿರಿನ ಬಾಳಿನ ಕ್ರಮ. ಮುದುಕ, ನಡುವಯಸ್ಸಿನವ, ಮಗು ಎಲ್ಲರೂ ಇರುವ ಮನೆಯಂತೆ, ಎಲ್ಲ ವಯಸ್ಸಿನ ಮರಗಳೂ ಹಲವು ಜಾತಿಗಳೂ ಇರುವ ಕಾಡು ಆರೋಗ್ಯವಾದ ಕಾಡು. ಇದನ್ನು ಒಂದು ನೋಟದಲ್ಲಿ ನಿರ್ಣಯಿಸಲಾಗದು. ಆದುದರಿಂದಲೇ ಕೊಡಗಿನ ಉಪ್ಪಂಗಳದ ಕಾಡಿನಲ್ಲಿ ಪಾಂಡಿಚೇರಿಯ ಫ್ರೆಂಚ್ ಸಂಸ್ಥೆಯ ವಿಜ್ಞಾನಿಗಳು 1990ರ ಸುಮಾರಿನಿಂದ ಅದೇ ಮರಗಳ ಸುತ್ತಳತೆಯನ್ನು ಮತ್ತೆ ಮತ್ತೆ ಅಳೆಯುತ್ತ, ಹುಟ್ಟುಸಾವುಗಳ ಲೆಕ್ಕವನ್ನು ಇಡುತ್ತ ಬಂದಿದ್ದಾರೆ.

ವಿಜ್ಞಾನಿಗಳಿಗೆ ಹಳೆಯ ಕಾಡಿನ ತುಣುಕುಗಳು ಊರಿನ ನಡುವೆಯೂ ದೊರೆಯುತ್ತವೆ. ಅವೇ ನಮ್ಮ ನಾಗಬನಗಳು ಮತ್ತು ದೈವಗಳ ಬನಗಳು. 1970ರ ದಶಕದಲ್ಲಿ ಮಾಧವ ಗಾಡ್ಗೀಳ್ ಮತ್ತು ವಿ. ಡಿ. ವರ್ತಕ್ ಎಂಬ ವಿಜ್ಞಾನಿಗಳು ಪಶ್ಚಿಮ ಘಟ್ಟದ ದೇವರ ಕಾಡುಗಳನ್ನು ಅಧ್ಯಯನ ಮಾಡಿ, ಸುತ್ತಲ ಕಾಡು ಅಳಿದರೂ ಮೂಲ ಸಸ್ಯಸಂಪತ್ತು ಇವುಗಳಲ್ಲಿ ಉಳಿದುಬಂದುದನ್ನು ತೋರಿಸಿಕೊಟ್ಟರು. ಕೊಂಬೆಯನ್ನು ಕಡಿಯಬಾರದು, ತರಗೆಲೆಯನ್ನು ಒಯ್ಯಬಾರದು ಎಂಬ ಹಿರಿಯರ ಕಟ್ಟುಪಾಡು ಈ ನೆಲವನ್ನು ಕಾಪಾಡಿತು. ದುರ್ದೈವದಿಂದ ಇಂದು ಅನೇಕ ಬನಗಳಲ್ಲಿ ಮರಗಳನ್ನು ತೆಗೆದು ಸಿಮೆಂಟಿನ ಕಟ್ಟೆಗಳನ್ನು ಕಟ್ಟಲಾಗಿದೆ. ಕಲ್ಲಿನ ನಾಗನು ಉಳಿದಿದ್ದಾನೆ, ಬನವು ಹೋಗಿದೆ.

ಕಾಡನ್ನು ಬಳಸುವ ಕ್ರಮವೂ ಕಾಲಕಾಲಕ್ಕೆ ಬದಲಾಗಿದೆ. ಕಾಡನ್ನು ಕಡಿದು ಸುಟ್ಟು ಬೇಸಾಯ ಮಾಡುವ ಕುಮೇರಿ ಪದ್ಧತಿಯನ್ನು ಮದರಾಸು ಸರ್ಕಾರವು 1860ರಲ್ಲಿ ನಿಷೇಧಿಸಿತು. ಅನಂತರ ಘಟ್ಟದ ಕಾಡುಗಳು ಕಾದಿಟ್ಟ ಅರಣ್ಯಗಳಾದವು. ಸಾಗುವಳಿ ಭೂಮಿಯಿಂದ ನೂರು ಗಜದೊಳಗಿನ ಸರ್ಕಾರಿ ಜಾಗದಿಂದ ಸೊಪ್ಪು, ಸೌದೆಗಳನ್ನು ಪಡೆಯುವ ಕುಮ್ಕಿ ಸೌಲಭ್ಯವು ರೈತರಿಗೆ ಉಳಿಯಿತು. ಗುಡ್ಡದ ಸೊಪ್ಪು ಹಟ್ಟಿಗೆ ಬಂದು, ಗೊಬ್ಬರವಾಗಿ ತೋಟಕ್ಕೆ ಸೇರುವುದು ಇಲ್ಲಿಯ ಬೇಸಾಯದ ಆಧಾರವಾಗಿತ್ತು. ಆದರೆ ಸರ್ಕಾರಿ ಕಾಡಿನಿಂದ ಬಹುಕಾಲ ಮುಖ್ಯವಾಗಿ ಮರಮುಟ್ಟುಗಳನ್ನೇ ನಿರೀಕ್ಷಿಸಲಾಯಿತು. 1987ರಲ್ಲಿ ಕುದುರೆಮುಖವು ರಾಷ್ಟ್ರೀಯ ಉದ್ಯಾನವೆಂದು ಘೋಷಿತವಾಯಿತು. 1988ರ ರಾಷ್ಟ್ರೀಯ ಅರಣ್ಯ ನೀತಿಯು ಆದಾಯಕ್ಕಿಂತ ಪರಿಸರದ ಸಮತೋಲನವೇ ಮುಖ್ಯವೆಂದು ಸಾರಿತು. 2006ರ ಅರಣ್ಯ ಹಕ್ಕುಗಳ ಕಾಯಿದೆಯು ತಲತಲಾಂತರದಿಂದ ಕಾಡಿನಲ್ಲಿ ಬಾಳುತ್ತಿರುವ ಜನರ ಹಕ್ಕನ್ನು ಮನ್ನಿಸಿತು. ಘಟ್ಟದ ಬುಡದಲ್ಲಿರುವ ಮಲೆಕುಡಿಯರಂತಹ ಜನರನ್ನು ಹೊರಗಿಟ್ಟು ಕಾಡನ್ನು ಉಳಿಸುವುದು ನ್ಯಾಯವೂ ಅಲ್ಲ, ಸಾಧ್ಯವೂ ಅಲ್ಲ.

ಸಂಶೋಧನೆಗಳು ತೋರುವ ದಾರಿ ಸರಳವಾಗಿಯೇ ಇದೆ. ಇರುವ ಸಹಜ ಕಾಡನ್ನು ಮೊದಲು ಉಳಿಸಬೇಕು. ಕಳೆದುಹೋದ ಮೇಲೆ ಅದನ್ನು ಮರಳಿ ಕಟ್ಟಲು ಹಲವು ತಲೆಮಾರುಗಳು ಬೇಕು. ಕೆಟ್ಟ ಗುಡ್ಡಗಳನ್ನು ಬೆಂಕಿಯಿಂದ ಕಾದರೆ, ಮೊದಲು ಬೆಳೆದ ಗಟ್ಟಿಮುಟ್ಟಾದ ಗಿಡಗಳ ನೆರಳಿನಲ್ಲಿ ಕಾಡುಜಾತಿಯ ಸಸಿಗಳು ಕ್ರಮೇಣ ತಲೆಯೆತ್ತುತ್ತವೆ. ಸೊಪ್ಪು ತರುವಾಗ ಎಲ್ಲವನ್ನೂ ಗುಡಿಸದೆ ನೆಲಕ್ಕೆಂದು ಒಂದು ಪಾಲನ್ನು ಬಿಡಬೇಕು.

ಮಳೆಗಾಲದ ಒಂದು ದಿನ ಊರಿನ ಬನದಿಂದ ಹರಿದುಬರುವ ನೀರನ್ನೂ, ಬೋಳುಗುಡ್ಡದಿಂದ ಇಳಿಯುವ ನೀರನ್ನೂ ಎರಡು ಗಾಜಿನ ಲೋಟಗಳಲ್ಲಿ ಹಿಡಿದು ನೋಡಿದರೆ ಈ ಪಾಠದ ಸಾರವು ಮನದಟ್ಟಾಗುವುದು. ಒಂದರಲ್ಲಿ ತಿಳಿನೀರು, ಇನ್ನೊಂದರ ತಳದಲ್ಲಿ ಕೆಂಪು ಮಣ್ಣು. ಆ ಮಣ್ಣು ಕಡಲನ್ನು ಸೇರಿದ ಮೇಲೆ ಹಿಂದಿರುಗಿ ಬರುವುದಿಲ್ಲ. ಅದು ಗುಡ್ಡದಲ್ಲಿಯೇ ಉಳಿಯುವಂತೆ ನೋಡಿಕೊಂಡರೆ, ಮುಂದಿನ ಬೇಸಗೆಯಲ್ಲಿ ನೇತ್ರಾವತಿಯಲ್ಲಿ ಹರಿಯುವ ನೀರಿಗೆ ನಾವು ಈ ಮಳೆಗಾಲದಲ್ಲಿಯೇ ಸ್ಥಳ ಮಾಡಿಕೊಟ್ಟಂತಾಗುವುದು.