ಅರಿಜೋನಾದ ಬಿಸಿಲು, ರಾಯದುರ್ಗದ ಹುಡುಗ

ಬಿಸಿಲಿನ ವಿಷಯದಲ್ಲಿ ನಮ್ಮ ರಾಯದುರ್ಗ ಸೀಮೆಯವರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಅನಂತಪುರ ಜಿಲ್ಲೆ ದೇಶದಲ್ಲೇ ಅತಿ ಕಡಿಮೆ ಮಳೆ ಬೀಳುವ ಜಿಲ್ಲೆಗಳ ಸಾಲಿನದು. ವರ್ಷಕ್ಕೆ ಸುಮಾರು 550 ಮಿಲಿಮೀಟರ್ ಬಿದ್ದರೆ ನಮ್ಮ ಪುಣ್ಯ. 1953ರಲ್ಲಿ ಬಳ್ಳಾರಿ ಜಿಲ್ಲೆಯಿಂದ ಬೇರೆಯಾಗಿ ಆಂಧ್ರಕ್ಕೆ ಸೇರಿದಾಗ ಕಚೇರಿಯ ಭಾಷೆ ಬದಲಾಯಿತು, ಬಿಸಿಲು ಬದಲಾಗಲಿಲ್ಲ. ಇಂಥ ಊರಲ್ಲಿ ಬೆಳೆದ ನಮ್ಮ ಅಣ್ಣನ ಮಗ 2023ರ ಆಗಸ್ಟಿನಲ್ಲಿ ಎಂ.ಎಸ್. ಓದಲು ಅಮೆರಿಕದ ಅರಿಜೋನಾ ರಾಜ್ಯಕ್ಕೆ ಹೋದ. ಮೊದಲ ವಾರವೇ ಫೋನಿನಲ್ಲಿ ಅಂದ, "ಚಿಕ್ಕಪ್ಪಾ, ಇದು ನಮ್ಮ ಬಿಸ್ಲಲ್ಲ."

ಅವನಿರುವುದು ಫೀನಿಕ್ಸ್ ನಗರಕ್ಕೆ ಅಂಟಿಕೊಂಡಿರುವ ಟೆಂಪಿ ಎಂಬ ಊರು. ಅರಿಜೋನಾ ಸ್ಟೇಟ್ ಯೂನಿವರ್ಸಿಟಿ ಇರುವುದು ಅಲ್ಲಿಯೇ. ತೆಲುಗು ಹುಡುಗರು ಅಲ್ಲಿ ಬಹಳ, ಕನ್ನಡದವರೂ ಇದ್ದಾರೆ. ಫೀನಿಕ್ಸಿನಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 180 ಮಿಲಿಮೀಟರ್, ಅಂದರೆ ನಮ್ಮ ಮೂರನೇ ಒಂದು ಪಾಲು. ಇವನು ಹೋಗುವ ಮುಂಚಿನ ತಿಂಗಳು, 2023ರ ಜುಲೈನಲ್ಲಿ, ಆ ಊರು ದಾಖಲೆ ಬರೆದಿತ್ತು. ಸತತ 31 ದಿನ ಬಿಸಿಲು 110 ಡಿಗ್ರಿ ಫ್ಯಾರನ್‌ಹೀಟ್‌ಗಿಂತ, ಎಂದರೆ ನಮ್ಮ ಲೆಕ್ಕದ 43 ಡಿಗ್ರಿಗಿಂತ, ಕೆಳಗಿಳಿಯಲಿಲ್ಲ. ಫೀನಿಕ್ಸ್ ಇರುವ ಮ್ಯಾರಿಕೋಪಾ ಕೌಂಟಿಯೊಂದರಲ್ಲೇ ಆ ವರ್ಷ ಬಿಸಿಲಿಗೆ ಸಂಬಂಧಿಸಿದ ಸಾವು 645.

ಅಮೆರಿಕ ಎಂದರೆ ಹಿಮ ಎಂದೇ ನಮ್ಮ ಹೆಂಗಸರ ತಿಳುವಳಿಕೆ. ಅತ್ತಿಗೆ ಸೂಟ್‌ಕೇಸಿಗೆ ಎರಡು ಸ್ವೆಟರ್ ತುರುಕಿದ್ದರು. ನಾವು ನಕ್ಕೆವು. ಆದರೆ ಅವು ಆಗಸ್ಟಿನಲ್ಲೇ ಕೆಲಸಕ್ಕೆ ಬಂದವು. ಹೊರಗೆ ಬೆಂಕಿ, ಕ್ಲಾಸಿನೊಳಗೆ ಏ.ಸಿ. ಎಂಥದ್ದೆಂದರೆ ಹುಡುಗರು ನಡುಗುತ್ತಾರೆ. ಬ್ಯಾಗಿನಲ್ಲಿ ಒಂದು ಕಡೆ ನೀರಿನ ಬಾಟಲಿ, ಇನ್ನೊಂದು ಕಡೆ ಸ್ವೆಟರ್.

ಧಗೆ, ಝಳ, ಸೆಕೆ ಎಂದು ಕನ್ನಡದಲ್ಲಿ ಬೇರೆ ಬೇರೆ ಮಾತುಂಟು. ತೆಲುಗಿನಲ್ಲಿ ಎಂಡ, ಉಕ್ಕ, ವಡಗಾಲಿ. ಎರಡೂ ಭಾಷೆಯ ಮಾತು ಕೂಡಿಸಿದರೂ ಅಲ್ಲಿನದಕ್ಕೆ ಸರಿಯಾದದ್ದು ಸಿಗಲಿಲ್ಲ. ಅಲ್ಲಿನವರು "ಒಣ ಬಿಸಿಲು ತಾನೆ" ಎಂದು ಸಮಾಧಾನ ಹೇಳಿಕೊಳ್ಳುತ್ತಾರಂತೆ. ಆ ಒಣತನವೇ ಮೋಸ. ಮೈ ಬೆವರಿದ್ದು ಗೊತ್ತಾಗುವ ಮೊದಲೇ ಆರಿಹೋಗುತ್ತದೆ. ಬೆವರಿಲ್ಲ ಎಂದುಕೊಂಡು ನೀರು ಕುಡಿಯದವನು ಸಂಜೆಗೆ ತಲೆನೋವು, ವಾಂತಿ ಎಂದು ಮಲಗುತ್ತಾನೆ. ಕಾರಿನ ಸ್ಟೀರಿಂಗು, ಸೀಟ್ ಬೆಲ್ಟಿನ ಲೋಹ ಮುಟ್ಟಿದರೆ ಬೊಬ್ಬೆ. ಡಾಂಬರಿನ ಮೇಲೆ ಬಿದ್ದವರು ಸುಟ್ಟಗಾಯದ ಆಸ್ಪತ್ರೆ ಸೇರುವುದು ಅಲ್ಲಿ ಪ್ರತಿ ಬೇಸಿಗೆಯ ಸುದ್ದಿ. ಜುಲೈನಲ್ಲಿ ತಣ್ಣೀರಿನ ನಲ್ಲಿ ತಿರುಗಿಸಿದರೆ ಬರುವುದು ಬಿಸಿನೀರು.

ಇಲ್ಲಿ ನಾವು ಬಿಸಿಲನ್ನು ಹೊತ್ತು ನೋಡಿ ಗೆಲ್ಲುತ್ತೇವೆ. ಬೆಳಗಿನ ಜಾವ ಹೊಲ, ಮಧ್ಯಾಹ್ನ ಹುಣಸೆ ಮರದ ನೆರಳು, ರಾತ್ರಿ ಮಾಳಿಗೆ ಮೇಲೆ ಚಾಪೆ. ಅಣ್ಣ ಮಗನಿಗೆ ಹೇಳಿದ್ದೂ ಅದನ್ನೇ: "ರಾತ್ರಿ ಕಿಟಕಿ ತೆಗೆದು ಮಲಗೋ, ಏ.ಸಿ. ಖರ್ಚು ಯಾಕೆ?" ಆದರೆ ಆ ಊರಿನ ಕಾಂಕ್ರೀಟು, ಡಾಂಬರು ಹಗಲು ಕುಡಿದ ಕಾವನ್ನು ರಾತ್ರಿಯೆಲ್ಲ ಉಗುಳುತ್ತವೆ. 2023ರ ಜುಲೈ 19ರಂದು ಅಲ್ಲಿ ರಾತ್ರಿಯೂ ಉಷ್ಣತೆ 36 ಡಿಗ್ರಿಗಿಂತ ಕೆಳಗೆ ಬರಲಿಲ್ಲ. ಕಿಟಕಿ ತೆಗೆದರೆ ಒಲೆಯ ಬಾಯಿ ತೆಗೆದಂತೆ. ಅಲ್ಲಿ ಬಿಸಿಲನ್ನು ತಡೆಯುವುದು ಯಂತ್ರ, ಯಂತ್ರ ತಿನ್ನುವುದು ಡಾಲರು. ಸಂಜೆಯ ಕೆಲವು ತಾಸು ಕರೆಂಟಿಗೆ ಹೆಚ್ಚು ದರ ಹಾಕುವ ಪ್ಲಾನುಗಳೂ ಇವೆ. ಅದಕ್ಕಾಗಿ ನಾಲ್ವರು ಹುಡುಗರೂ ಸಂಜೆ ಲೈಬ್ರರಿಯಲ್ಲಿ ಕೂತು, ರಾತ್ರಿ ಬಂದು ಅಡುಗೆ ಮಾಡುತ್ತಾರೆ. ಓದೂ ಆಯಿತು, ಕರೆಂಟೂ ಉಳಿಯಿತು.

ಊಟಕ್ಕೆ ತೊಂದರೆಯಿಲ್ಲ. ಇಂಡಿಯನ್ ಅಂಗಡಿಗಳಲ್ಲಿ ಅಕ್ಕಿ, ಬೇಳೆ, ರಾಗಿಹಿಟ್ಟು ಸಿಗುತ್ತವೆ. ಅಲ್ಲಿ ಬಟರ್‌ಮಿಲ್ಕ್ ಎಂದು ಮಾರುವುದು ಗಟ್ಟಿ, ನಮ್ಮ ಮಜ್ಜಿಗೆಯಲ್ಲ. ಮೊಸರಿಗೆ ನೀರು, ಉಪ್ಪು ಹಾಕಿ ಕಡೆದುಕೊಳ್ಳಬೇಕು. ಒಣಮೆಣಸಿನಕಾಯಿ ಒಗ್ಗರಣೆ ಹಾಕಿದರೆ ಹೊಗೆಯ ಅಲಾರಂ ಬಡಿದುಕೊಳ್ಳುತ್ತದೆ. ಒಬ್ಬ ಸೌಟು ಹಿಡಿದರೆ ಇನ್ನೊಬ್ಬ ಟವೆಲ್ ಬೀಸಬೇಕು.

ಅಲ್ಲಿಯೂ ಜೂನ್ ನಡುವಿನಿಂದ ಸೆಪ್ಟೆಂಬರ್ ಕೊನೆಯವರೆಗಿನ ಕಾಲಕ್ಕೆ ಮಾನ್ಸೂನ್ ಎಂದೇ ಹೆಸರು. ಕೆಂಪು ದೂಳಿನ ಗೋಡೆ ಎದ್ದು ಬರುತ್ತದೆ, ಹಿಂದೆ ನಾಲ್ಕು ಹನಿ ಬಿದ್ದರೆ ಬಿತ್ತು. ಇಷ್ಟರಲ್ಲೇ ಹತ್ತಿ, ಕುದುರೆಮಸಾಲೆ ಸೊಪ್ಪು ಬೆಳೆಯುತ್ತಾರೆಂದರೆ ಅದು ಕೊಲರಾಡೊ ನದಿಯ ಕಾಲುವೆಯ ಕೃಪೆ. 336 ಮೈಲಿ ಉದ್ದದ ಕಾಲುವೆ. ನಮಗೆ ತುಂಗಭದ್ರೆಯ ಎಚ್.ಎಲ್.ಸಿ. ಇದ್ದ ಹಾಗೆ ಅನ್ನಿ. ನದಿಯಲ್ಲಿ ನೀರು ಇಳಿದಾಗ 2022ರಲ್ಲಿ ಅಲ್ಲಿಯೂ ಮೊದಲ ಕತ್ತರಿ ಬಿದ್ದದ್ದು ರೈತರಿಗೇ. ಪಿನಾಲ್ ಕೌಂಟಿಯಲ್ಲಿ ಹೊಲ ಬೀಳುಬಿಟ್ಟರು. ಅವನ ಬಸ್ ಸ್ಟಾಪಿನ ಹತ್ತಿರ ಮೆಸ್ಕೀಟ್ ಎಂಬ ಮರವಿದೆ, ನಮ್ಮ ಬಳ್ಳಾರಿ ಜಾಲಿಯ ದಾಯಾದಿ. ಫೋಟೋ ನೋಡಿ ಅಣ್ಣ, "ಇದನ್ನ ಕಡಿಯಾಕೆ ನಾವು ಇಲ್ಲಿ ಕೂಲಿ ಕೊಡ್ತೀವಿ, ಅಲ್ಲಿ ನೆರಳಿಗೆ ಬೆಳಸ್ಯಾರೆ!" ಎಂದರು.

ಇಷ್ಟೆಲ್ಲ ಹೇಗೋ ನಡೆಯುತ್ತದೆ. ನಿಜವಾದ ಸಂಕಟ ಶುರುವಾಗುವುದು ಮೇ ತಿಂಗಳಲ್ಲಿ, ಕ್ಲಾಸು ಮುಗಿದ ಮೇಲೆ. ವಿದ್ಯಾರ್ಥಿ ವೀಸಾದವರು ಓದಿನ ದಿನಗಳಲ್ಲಿ ಕ್ಯಾಂಪಸ್ಸಿನೊಳಗೆ ವಾರಕ್ಕೆ 20 ತಾಸು ಮಾತ್ರ ದುಡಿಯಬಹುದು. ರಜೆಯಲ್ಲಿ ಹೆಚ್ಚು ದುಡಿಯಬಹುದು ಎನ್ನುತ್ತದೆ ಕಾನೂನು. ಆದರೆ ರಜೆಯಲ್ಲಿ ಹುಡುಗರೇ ಇಲ್ಲದ ಕ್ಯಾಂಪಸ್ಸಿನಲ್ಲಿ ಕ್ಯಾಂಟೀನೂ ಅರ್ಧ ಮುಚ್ಚಿರುತ್ತದೆ, ಕೆಲಸ ಎಲ್ಲಿಂದ ಬರಬೇಕು? ಮನೆ ಕರಾರು ಮಾತ್ರ ವರ್ಷದ್ದು. ಬಾಡಿಗೆ ತಪ್ಪುವುದಿಲ್ಲ, ಕರೆಂಟ್ ಬಿಲ್ಲು ಅತಿ ಹೆಚ್ಚು ಬರುವುದೂ ಅದೇ ತಿಂಗಳುಗಳಲ್ಲಿ. 2024ರ ಬೇಸಿಗೆಯಲ್ಲಿ ಅಲ್ಲಿ ಸತತ 113 ದಿನ ನೂರು ಡಿಗ್ರಿ ಫ್ಯಾರನ್‌ಹೀಟ್ ದಾಟಿತ್ತು.

ಆ ಬೇಸಿಗೆಯಲ್ಲಿ ಒಬ್ಬ ಪೆಟ್ರೋಲ್ ಬಂಕಿನ ಮಾಲೀಕ ನಮ್ಮ ಹುಡುಗನನ್ನು ಕರೆದ. ರಾತ್ರಿ ಪಾಳಿ, ಕೈಗೆ ಕ್ಯಾಶು, ಲೆಕ್ಕಪತ್ರ ಇಲ್ಲ. ಸಿಕ್ಕಿಬಿದ್ದರೆ ವೀಸಾ ಹೋಗುತ್ತದೆ, ಓದು ಅರ್ಧಕ್ಕೆ ನಿಲ್ಲುತ್ತದೆ. ಬೆಳಿಗ್ಗೆ ಏಳಕ್ಕೆ ಫೋನು ಬಂತು, ಅಲ್ಲಿ ಹಿಂದಿನ ದಿನದ ಸಂಜೆ ಆರೂವರೆ. "ಅಪ್ಪಾ, ಎಲ್ಲರೂ ಹೋಗ್ತಾರೆ, ನಾನೂ ಹೋಗ್ಲಾ?"

ಅಣ್ಣ ಬಹಳ ಹೊತ್ತು ಮಾತಾಡಲಿಲ್ಲ. ರಾಯದುರ್ಗದ ಮನೆ ಬ್ಯಾಂಕಿನಲ್ಲಿ ಅಡವಿದೆ. ಉಳಿದ ದುಡ್ಡಿಗೆ ಎರಡು ಎಕರೆ ಕೆಂಪುನೆಲ ಮಾರಿದ್ದಾಗಿತ್ತು, ಅಪ್ಪ ಬಾವಿ ತೋಡಿಸಿದ್ದ ತುಂಡು. "ಬ್ಯಾಡಪ್ಪ," ಎಂದರು ಕೊನೆಗೆ. "ಬಾಡಿಗಿ ನಾನು ನೋಡ್ತೀನಿ." ಹಿಂದಿನ ವರ್ಷದ ಶೇಂಗಾ ಬೀಜಕ್ಕೆಂದು ಇಟ್ಟುಕೊಂಡಿದ್ದರು. ಅದನ್ನು ಮಾರಿ ಎರಡು ತಿಂಗಳ ಬಾಡಿಗೆ ಕಳಿಸಿದರು. ಬಿತ್ತನೆಗೆ ಬೀಜ ಸಾಲ ತಂದರು. ಮೂರನೇ ತಿಂಗಳಿಗೆ ಹುಡುಗನಿಗೆ ಯೂನಿವರ್ಸಿಟಿಯ ಹಾಸ್ಟೆಲ್ ಕೋಣೆಗಳನ್ನು ಹೊಸಬರಿಗೆ ಸಜ್ಜು ಮಾಡುವ ಕೆಲಸ ಸಿಕ್ಕಿತು. ಹಾಸಿಗೆ ಹೊರುವುದು, ಗೋಡೆ ಒರೆಸುವುದು. ಮನೆಯಲ್ಲಿ ಒಂದು ಬಿಂದಿಗೆ ಎತ್ತದವನು!

2025ರ ಮೇನಲ್ಲಿ ಅವನ ಓದು ಮುಗಿಯಿತು. ಸಾಲ ಮುಗಿದಿಲ್ಲ.

ಮೊನ್ನೆ ಜೀನ್ಸ್ ಹೊಲಿಗೆ ಯೂನಿಟ್ ಇಟ್ಟಿರುವ ಗೆಳೆಯರೊಬ್ಬರು ಅಣ್ಣನ ಹತ್ತಿರ ಬಂದಿದ್ದರು. ಮಗಳಿಗೆ ಅದೇ ಊರಲ್ಲಿ ಸೀಟು ಸಿಕ್ಕಿದೆ. ಫೀಜು, ಟಿಕೆಟ್ಟು, ವೀಸಾ ಖರ್ಚು ಎಲ್ಲ ಒಂದು ಚೀಟಿಯಲ್ಲಿ ಬರೆದುಕೊಂಡು ಬಂದಿದ್ದರು. ಅಣ್ಣ ಚೀಟಿ ಪೂರ್ತಿ ಓದಿ, "ರಜೆಯ ಮೂರು ತಿಂಗಳು ಇದರಾಗೆ ಎಲ್ಲಿ ಐತೆ?" ಎಂದು ಕೇಳಿದರು. ಅವರು ಜೇಬಿನಿಂದ ಪೆನ್ನು ತೆಗೆದರು.