ಒತ್ತಡ ಇಳಿಯದಿದ್ದಾಗ



ಕುಕ್ಕರ್ ಕೂಗದಿದ್ದರೆ ನಿಮ್ಮ ಅಮ್ಮ ಮೊದಲು ನೋಡುವುದು ಗ್ಯಾಸ್ಕೆಟ್ಟನ್ನು. ಇಂಗ್ಲಿಷಿನಲ್ಲಿ ಬಿ.ಎ. ಮಾಡಿದ ನನಗೆ ಪ್ರಯೋಗಾಲಯದ ಈ ಪಾಠ ಅರ್ಥವಾದದ್ದೂ ಹಾಗೆಯೇ.

ಎಂ.ಎಸ್ಸಿ. ಓದುತ್ತಿದ್ದ ಮಗಳು ಒಂದು ಸಂಜೆ ಅಳುಮುಖ ಹೊತ್ತು ಬಂದಳು. ಅನಿಲವೊಂದರ ಅವಕೆಂಪು ರೋಹಿತ ತೆಗೆಯಬೇಕು. ಅದಕ್ಕೆ ಮೊದಲು ಗಾಜಿನ ಕೋಶದ ಗಾಳಿಯನ್ನು ಪಂಪು ಹೊರಗೆಳೆಯಬೇಕು. ಎಷ್ಟು ಹೊತ್ತಾದರೂ ಒತ್ತಡ ಇಳಿಯದು! ಗಾಳಿ ಉಳಿದರೆ ಅದರ ನೀರಾವಿಯ ರೇಖೆಗಳು ರೋಹಿತದೊಳಗೆ ನುಸುಳುತ್ತವೆ. ಒತ್ತಡ ಹೆಚ್ಚಿದಂತೆ ಅಣುಗಳು ಡಿಕ್ಕಿ ಹೊಡೆದು ರೇಖೆಗಳು ಅಗಲವಾಗುತ್ತವೆ. "ಹಿಂದಿನ ಬ್ಯಾಚಿನ ಅಂಕಿಗಳನ್ನೇ ಬರೆದುಬಿಡಲೇ ಅಮ್ಮಾ?" ಎಂದಳು. ಬೇಡವೆಂದೆ.

ಮರುದಿನ ಅವಳ ಅಧ್ಯಾಪಕರು ತೋರಿಸಿದ ದಾರಿ ನಿಮಗೂ ಬೇಕಾದೀತು. ಎಲ್ಲವನ್ನೂ ಬಿಚ್ಚಬೇಡಿ. ಮಾಪಕ ಕೋಶದ ಕಡೆಗಿರಲಿ. ಪಂಪಿನ ಕವಾಟ ಮುಚ್ಚಿ, ನಿಮಿಷಕ್ಕೊಮ್ಮೆ ಒತ್ತಡ ಬರೆದುಕೊಳ್ಳಿ. ಒಂದೇ ಸಮನೆ ಏರುತ್ತಿದ್ದರೆ ಹೊರಗಿನ ಗಾಳಿ ಸೋರಿ ಬರುತ್ತಿದೆ: ಓ-ರಿಂಗ್, ಕೀಲುಗಳನ್ನು ಪರೀಕ್ಷಿಸಿ. ಮೊದಲು ಏರಿ ಆಮೇಲೆ ನಿಧಾನವಾದರೆ ಒಳಗೋಡೆಗೆ ಅಂಟಿದ ತೇವ, ಬೆರಳಿನ ಜಿಡ್ಡು ಕಾರಣವಿರಬಹುದು. ಮುಂಬೈಯ ಮಳೆಗಾಲದಲ್ಲಂತೂ ತೇವದ ಕಾಟ ಹೇಳಬೇಕೆ! ಪಂಪನ್ನು ಇನ್ನಷ್ಟು ಹೊತ್ತು ನಡೆಸಿ. ಏರದೆ ನಿಂತರೆ ಪಂಪು, ಅದರ ಎಣ್ಣೆ, ಕೊಳವೆ, ಮಾಪಕಗಳನ್ನು ನೋಡಿ. ಪಿರಾನಿ ಮಾಪಕವನ್ನು ಸಾಮಾನ್ಯವಾಗಿ ನೈಟ್ರೋಜನ್ನಿಗೆ ಹೊಂದಿಸಿರುತ್ತಾರೆ. ಬೇರೆ ಅನಿಲವಿದ್ದರೆ ಅದರ ಅಂಕಿಯನ್ನು ತಿದ್ದಿಕೊಳ್ಳಬೇಕು.

ಮಗಳ ಪ್ರಯೋಗದಲ್ಲಿ ಒತ್ತಡ ಒಂದೇ ಸಮನೆ ಏರಿತು. ಓ-ರಿಂಗಿನ ಕೆಳಗೆ ಸಿಕ್ಕಿದ್ದು ಒಂದೇ ಒಂದು ತಲೆಗೂದಲು, ಅದೂ ಅವಳದೇ! ಕೊನೆಗೆ ಬರೆದ ಅಂಕಿಗಳೂ ಅವಳವೇ. ಎರವಲು ಅಂಕಿ ಬರೆದಿದ್ದರೆ ಆ ಕೂದಲು ಇಂದಿಗೂ ಅಲ್ಲೇ ಇರುತ್ತಿತ್ತು.