ತೊಗರಿಯ ಬೇರೂ ತರುಣರ ಶಿಕ್ಷಣವೂ

ಕಲಬುರಗಿ ನಗರದ ಅಂಚಿನ ಕೋಟನೂರದಿಂದ ಕೆಂಪು ಬಾಳೆಗೆ ಹೆಸರಾದ ಕಮಲಾಪುರದವರೆಗಿನ ಸೀಮೆಯಲ್ಲಿ ಹವಾಮಾನದ ಪರಿವರ್ತನೆಯನ್ನು ಅರಿಯಬಯಸುವವನು ವರ್ಷದ ಮಳೆಯ ಮೊತ್ತವನ್ನಷ್ಟೇ ನೋಡಿದರೆ ಮೋಸಹೋಗುವನು. ಬೆಳೆಯನ್ನು ಕೆಡಿಸುವಲ್ಲಿ ಮಳೆಯ ಪ್ರಮಾಣಕ್ಕಿಂತ ಅದರ ಹಂಚಿಕೆಯ ಕೈವಾಡವೇ ಹಿರಿದು. 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿ ದಂಡೆಯ ಹೊಲಗಳನ್ನು ಮುಳುಗಿಸಿದಳು. 2023ರ ಆಗಸ್ಟ್ ಆದರೋ 1901ರಿಂದೀಚೆಗೆ ಭಾರತ ಕಂಡ ಅತ್ಯಂತ ಶುಷ್ಕ ಆಗಸ್ಟ್ ಎನಿಸಿತು.

ಈ ವೈಪರೀತ್ಯಗಳ ನಡುವೆ ಸಿಲುಕಿರುವುದು 2019ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ಪಡೆದ ಕಲಬುರಗಿಯ ತೊಗರಿ. ತಾಯಿಬೇರನ್ನು ಆಳಕ್ಕಿಳಿಸಿ, ಎರೆಮಣ್ಣಿನಲ್ಲುಳಿದ ತೇವವನ್ನು ಹೀರಿ, ಮಳೆ ಹಿಂದೆಗೆದ ಮೇಲೆ ಹೂ ತಳೆಯುವ ಈ ಗಿಡಕ್ಕೆ ಬರವನ್ನು ಸಹಿಸುವ ಶಕ್ತಿಯುಂಟು. ನಿಂತ ನೀರನ್ನು ಸಹಿಸುವ ಶಕ್ತಿಯಿಲ್ಲ. ಎರೆಯ ಜೇಡಿಕಣಗಳು ನೀರುಂಡು ಉಬ್ಬಿ ಮಣ್ಣಿನ ರಂಧ್ರಗಳು ಮುಚ್ಚಿದೊಡನೆ ಬೇರಿಗೆ ಆಮ್ಲಜನಕ ದೊರೆಯದು, ಬೇರುಗಂಟುಗಳಲ್ಲಿ ಸಾರಜನಕವನ್ನು ಸ್ಥಿರೀಕರಿಸುವ ಅಣುಜೀವಿಗಳು ಕುಗ್ಗುವುವು, ಫೈಟಾಪ್ತೊರಾ ಎಂಬ ರೋಗಾಣು ಪ್ರಬಲಿಸುವುದು. ಅದೇ ಹೊಲ ಕಾದು ಬಿರಿದಾಗ ಮ್ಯಾಕ್ರೊಫೊಮಿನಾ ಎಂಬ ಶಿಲೀಂಧ್ರ ಬೇರನ್ನು ಒಣಗೊಳೆಗೆ ಈಡುಮಾಡುವುದು. ರೈತರು ನೆಟೆರೋಗವೆನ್ನುವ ಬಾಡುವಿಕೆಯ ಹಿಂದೆ ಹೀಗೆ ಪರಸ್ಪರ ವಿರುದ್ಧವಾದ ಕಾರಣಗಳು ಅಡಗಿರಬಹುದು.

ಆದಕಾರಣ ಗ್ರಾಮದ ತರುಣ ಮುಂದಾಳುಗಳಿಗೆ ಮೊಬೈಲಿನ ಮುನ್ಸೂಚನೆಯನ್ನು ಓದಿಸುವುದಕ್ಕೂ ಮೊದಲು ಬಾಡಿದ ಗಿಡವನ್ನು ಕಿತ್ತು, ಬುಡವನ್ನು ಸೀಳಿ ನೋಡುವುದನ್ನು ಕಲಿಸತಕ್ಕದ್ದೆಂದು ನನ್ನ ಅಭಿಪ್ರಾಯ. ಕಾಂಡದೊಳಗೆ ಕಂದುಗಪ್ಪು ಗೆರೆಗಳು ಕಂಡರೆ ಫ್ಯುಸೇರಿಯಂ ಸೊರಗುರೋಗವೆಂದು ಶಂಕಿಸಿ, ಮರುವರ್ಷ ಟಿಎಸ್-3ಆರ್‌ನಂತಹ ನಿರೋಧಕ ತಳಿಯನ್ನು ಆಯಬಹುದು. ಹೊಲದಲ್ಲಿ ನಿಲ್ಲುವ ನೀರಿಗಾದರೋ ತಳಿಯೊಂದೇ ಮದ್ದಲ್ಲ, ಇಳಿಜಾರನ್ನು ನೋಡಿ ಬೋದು-ಕಾಲುವೆ ತೆಗೆಯಲೇಬೇಕು.

ಇಂತಹ ವಿದ್ಯೆಗೆ ನೆಲೆಗಳಿಲ್ಲದಿಲ್ಲ. ಭಾರತೀಯ ಕೃಷಿ ಅನುಸಂಧಾನ ಪರಿಷತ್ತು 2011ರಲ್ಲಿ ಹವಾಮಾನಕ್ಕೆ ಹೊಂದುವ ಬೇಸಾಯದ ರಾಷ್ಟ್ರೀಯ ಯೋಜನೆಯನ್ನು ಆರಂಭಿಸಿತು. 2009ರಲ್ಲಿ ಸ್ಥಾಪಿತವಾದ ರಾಯಚೂರು ಕೃಷಿ ವಿಶ್ವವಿದ್ಯಾಲಯಕ್ಕೆ ಸೇರಿದ ಕೃಷಿ ಮಹಾವಿದ್ಯಾಲಯ ಕಲಬುರಗಿಯಲ್ಲಿಯೇ ಇದೆ. ಕೃಷಿ ಪದವಿಯ ಕೊನೆಯ ವರ್ಷದಲ್ಲಿ ವಿದ್ಯಾರ್ಥಿಗಳು ಹಳ್ಳಿಯಲ್ಲಿ ತಂಗಿ ಬೇಸಾಯವನ್ನು ಅಭ್ಯಸಿಸುವ ಕ್ರಮವೂ ಉಂಟು. ತೊಡಕಿರುವುದು ಮನೆಯೊಳಗೆ. ಪಹಣಿ ತಂದೆಯ ಹೆಸರಿನಲ್ಲಿರುವಾಗ, ತರಬೇತಿ ಮುಗಿಸಿ ಬಂದ ಮಗನ ಅಥವಾ ಮಗಳ ಮಾತಿಗೆ ಹೊಲವನ್ನೆಲ್ಲ ಬದಲಿಸಲು ಹಿರಿಯರು ಒಪ್ಪರು. ಒಪ್ಪದಿರುವುದು ವಿವೇಕವೂ ಹೌದು, ಕೆಟ್ಟರೆ ವರ್ಷದ ಅನ್ನವೇ ಕೆಡುವುದು. ಒಂದೆಕರೆಯಲ್ಲಿ ಬೋದು ಕಟ್ಟಿ, ಪಕ್ಕದ ಎಕರೆಯನ್ನು ರೂಢಿಯಂತೆ ಅದೇ ದಿನ ಅದೇ ಬೀಜದಿಂದ ಬಿತ್ತಿ, ರಾಶಿಯ ಹೊತ್ತಿಗೆ ಎರಡನ್ನೂ ಬೇರೆ ಬೇರೆಯಾಗಿ ತೂಗಿ, ಖರ್ಚನ್ನು ಕಳೆದು ತೋರಿಸುವಷ್ಟಕ್ಕೆ ಅನುಮತಿ ಸಿಕ್ಕರೆ ಮೊದಲ ವರ್ಷಕ್ಕೆ ಸಾಕು.